ಕಾಲು ತೆಗೆದರೆ ನಿಲ್ಲಬೇಕು

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂಬದಿಯ ಗಲ್ಲಿಯಲ್ಲಿ ಗ್ಯಾರೇಜ್ ನಡೆಸುವ ಆ ಹಿರಿಯ ಮೇಸ್ತ್ರಿ ಸ್ಪ್ರಿಂಗ್ ಆರಿಸುವುದನ್ನು ನೋಡಬೇಕು. ಎರಡೂ ತುದಿಯ ಕೊಕ್ಕೆಗಳನ್ನು ಬೆರಳಿಗೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾರೆ, ಎಳೆದಂತೆಯೇ ಬೆಳಕಿಗೆ ಹಿಡಿಯುತ್ತಾರೆ. ಸುತ್ತುಗಳ ನಡುವಿನ ಸಂದು ಉದ್ದಕ್ಕೂ ಒಂದೇ ಸಮ ಇರಬೇಕು. ಒಂದೇ ಒಂದು ಕಡೆ ಸಂದು ಅಗಲವಾಗಿ ಕಂಡರೂ ಆ ಸ್ಪ್ರಿಂಗ್ ಮತ್ತೆ ಡಬ್ಬಿ ಸೇರುವುದಿಲ್ಲ, ನೇರ ಗುಜರಿಗೆ. ಆಮೇಲೆ ಕೊಕ್ಕೆ ಬಾಗುವ ಜಾಗದಲ್ಲಿ ಉಗುರು ಆಡಿಸಿ ನೋಡುತ್ತಾರೆ. "ನಡುವೆ ಕಡಿಯೋದು ಕಮ್ಮಿ ಸಾರ್. ಕಡಿಯೋದೆಲ್ಲ ಇಲ್ಲೇ, ಕೊಕ್ಕೆ ಬುಡದಲ್ಲಿ. ಕಣ್ಣಿಗೆ ಕಾಣದ ಗೀರು ಉಗುರಿಗೆ ಸಿಗುತ್ತೆ."

ಅವರ ಮುಂದೆ ಬಾನೆಟ್ ತೆರೆದು ನಿಂತಿರುವುದು 1964ರ ಡಾಡ್ಜ್ ಡಾರ್ಟ್. ಆರು ಸಿಲಿಂಡರಿನ ಎಂಜಿನ್ 30 ಡಿಗ್ರಿಯಷ್ಟು ಪಕ್ಕಕ್ಕೆ ವಾಲಿಕೊಂಡಿದೆ. ಅದನ್ನು ತಯಾರಿಸಿದವರೇ ಹಾಗೆ ಕೂರಿಸಿದ್ದು. ಕ್ಲಚ್ ಪೆಡಲ್ ಇಲ್ಲ, ಗೇರ್ ಕಡ್ಡಿಯೂ ಇಲ್ಲ. ಡ್ಯಾಷ್‌ಬೋರ್ಡಿನ ಗುಂಡಿಗಳನ್ನು ಒತ್ತಿದರೆ ಗೇರ್ ಬೀಳುತ್ತದೆ. ಕ್ರೈಸ್ಲರ್ ಕಂಪನಿ 1956ರಲ್ಲಿ ತಂದ 'ಟಾರ್ಕ್‌ಫ್ಲೈಟ್' ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದು. ಗುಂಡಿಗಳ ಕಾಲ ಮುಗಿದದ್ದು 1964ರ ಮಾದರಿಗಳೊಂದಿಗೆ.

ಈ ಕಾರಿನ ಬಣ್ಣ, ಕ್ರೋಮ್, ಸೀಟಿನ ಹೊದಿಕೆ ಎಲ್ಲಕ್ಕೂ ಮಾಲೀಕರು ಧಾರಾಳವಾಗಿ ಖರ್ಚು ಮಾಡಿದ್ದಾರೆ. ಮೇಸ್ತ್ರಿಯ ಗಮನವೆಲ್ಲ ಕಾರ್ಬ್ಯುರೇಟರ್ ಪಕ್ಕದ ಬೆರಳುದ್ದದ ಸ್ಪ್ರಿಂಗುಗಳ ಮೇಲೆ. ಆಕ್ಸಿಲರೇಟರ್ ಒತ್ತಿದಾಗ ರಾಡುಗಳ ಮೂಲಕ ಕಾರ್ಬ್ಯುರೇಟರಿನ ತಟ್ಟೆ, ಅಂದರೆ ಥ್ರಾಟಲ್, ತೆರೆದುಕೊಳ್ಳುತ್ತದೆ. ಅದನ್ನು ತೆರೆಯುವುದು ನಮ್ಮ ಕಾಲು, ಮುಚ್ಚುವುದು ಸ್ಪ್ರಿಂಗ್. ಸ್ಪ್ರಿಂಗ್ ಕಡಿದರೆ, ಜಗ್ಗಿದರೆ, ತುಕ್ಕು ಹಿಡಿದ ರಾಡ್ ಸಿಕ್ಕಿಕೊಂಡರೆ ಕಾಲು ತೆಗೆದ ಮೇಲೂ ಕಾರು ಮುನ್ನುಗ್ಗುತ್ತಲೇ ಇರುತ್ತದೆ. ಮಾಮೂಲಿ ಗೇರಿನ ಕಾರಾದರೆ ಗಾಬರಿಯಲ್ಲೂ ಎಡಗಾಲು ಕ್ಲಚ್ ಒತ್ತಿಬಿಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ನ್ಯೂಟ್ರಲ್ ಗುಂಡಿ ಒತ್ತಬೇಕೆಂಬುದು ಆ ಕ್ಷಣದಲ್ಲಿ ನೆನಪಾಗಬೇಕಲ್ಲ? ಅದಕ್ಕೇ ಮೇಸ್ತ್ರಿ, ಕಾರು ಕೊಂಡವರಿಗೆ ಮೊದಲು ಆ ಗುಂಡಿ ತೋರಿಸಿಯೇ ಕೀಲಿ ಕೊಡುತ್ತಾರೆ.

ಈ ಗೇರ್‌ಬಾಕ್ಸಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೆಡಲ್ ಎಷ್ಟು ಒತ್ತಿದ್ದೇವೆ ಎಂಬುದು ಎಂಜಿನ್ನಿಗೆ ಮಾತ್ರವಲ್ಲ, ಬೇರೊಂದು ರಾಡಿನ ಮೂಲಕ ಗೇರ್‌ಬಾಕ್ಸಿಗೂ ತಿಳಿಯುತ್ತದೆ. ಅದರಂತೆ ಒಳಗಿನ ಎಣ್ಣೆಯ ಒತ್ತಡ ಏರುತ್ತದೆ, ಇಳಿಯುತ್ತದೆ. ಆ ರಾಡ್ ಹಿಂದಕ್ಕೆ ಬಾರದೆ ನಿಂತರೆ ಗೇರ್ ತಡವಾಗಿ, ಜಗ್ಗಿ ಬೀಳುತ್ತದೆ. ಪೆಡಲ್ ಒತ್ತಿದಾಗ ಜೊತೆಗೆ ಚಲಿಸದೆ ಹಿಂದುಳಿದರೆ ಒತ್ತಡ ಸಾಲದೆ ಒಳಗಿನ ಕ್ಲಚ್ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ. ಹಾಗಾಗಿ ಕಾರ್ಬ್ಯುರೇಟರಿಗೆ ಒಂದು ಸ್ಪ್ರಿಂಗ್ ಕಟ್ಟಿ ಕೈತೊಳೆದುಕೊಂಡರೆ ಆಗದು. ಗೇರ್‌ಬಾಕ್ಸಿನ ರಾಡಿಗೂ ಅದರದೇ ಸ್ಪ್ರಿಂಗ್ ಬೇಕು. "ಎರಡೂ ಒಟ್ಟಿಗೆ ಹೋಗಬೇಕು, ಒಟ್ಟಿಗೆ ಬರಬೇಕು. ಗಂಡ ಹೆಂಡತಿ ಜಾತ್ರೆಗೆ ಹೋದಂಗೆ," ಎನ್ನುತ್ತಾರೆ ಮೇಸ್ತ್ರಿ.

ಸ್ಪ್ರಿಂಗ್ ಕೂರಿಸುವ ಮುನ್ನ ಅರ್ಧ ಹೊತ್ತು ಸ್ವಚ್ಛ ಮಾಡುವುದಕ್ಕೇ ಹೋಗುತ್ತದೆ. ಹಳೆಯ ಸ್ಪ್ರಿಂಗ್ ಬಿಚ್ಚಿ, ಪ್ರತಿ ಕೀಲನ್ನೂ ತೊಳೆದು, ಬರಿಗೈಯಲ್ಲಿ ರಾಡ್ ಆಡಿಸಿ ನೋಡುತ್ತಾರೆ. ಬಿಗಿಯಾಗಿರುವ ಕೀಲಿಗೆ ಗಟ್ಟಿ ಸ್ಪ್ರಿಂಗ್ ಹಾಕಿ ಎಳೆಸುವುದು ಅವರಿಗೆ ಒಪ್ಪಿಗೆಯಿಲ್ಲ. ಸ್ಪ್ರಿಂಗ್ ಅತಿ ಗಟ್ಟಿಯಾದರೆ ಕಾಲು ನೋಯುತ್ತದೆ, ಕಾರ್ಬ್ಯುರೇಟರಿನ ಶಾಫ್ಟ್ ಕೂತ ತೂತು ಒಂದೇ ಕಡೆ ಸವೆದು ಗಾಳಿ ಎಳೆಯತೊಡಗುತ್ತದೆ. ಸ್ಪ್ರಿಂಗಿನ ಇನ್ನೊಂದು ತುದಿಯನ್ನು ಎಂಜಿನ್ನಿಗೇ ಕಟ್ಟುತ್ತಾರೆ, ಬಾಡಿಗೆ ಕಟ್ಟುವುದಿಲ್ಲ. ರಬ್ಬರ್ ಮೌಂಟಿನ ಮೇಲೆ ಎಂಜಿನ್ ಅಲುಗಿದಾಗ ಸ್ಪ್ರಿಂಗ್ ತಾನೂ ಜೊತೆಗೇ ಅಲುಗಬೇಕು, ಎಳೆತ ಬದಲಾಗಬಾರದು. ಎಳೆತ ಲಿವರಿಗೆ ನೇರ ಇರಬೇಕು. ಪೆಡಲ್ ಬಿಟ್ಟಾಗಲೂ ಸ್ವಲ್ಪ ಬಿಗಿ ಉಳಿಯಬೇಕು, ಪೂರ್ತಿ ಒತ್ತಿದಾಗ ಸುತ್ತು ಬಿಚ್ಚುವಷ್ಟು ಜಗ್ಗಬಾರದು.

ಆಮೇಲೆ ಪರೀಕ್ಷೆ. ಎಂಜಿನ್ ಆಫ್. ಹುಡುಗ ಸೀಟಿನಲ್ಲಿ ಕೂರುತ್ತಾನೆ. "ಒತ್ತು ಮರಿ, ಪೂರ್ತಿ. ಬಿಡು!" ಲಿವರ್ ಟಪ್ಪೆಂದು ಹಿಂದಕ್ಕೆ ಬಡಿಯುತ್ತದೆ. ಕಾರ್ಬ್ಯುರೇಟರಿಗೆ ಅವರು ಹಾಕುವುದು ಎರಡು ಸ್ಪ್ರಿಂಗ್. ಒಂದನ್ನು ಬಿಚ್ಚಿ ಮತ್ತೆ ಒತ್ತಿಸುತ್ತಾರೆ, ಆಮೇಲೆ ಅದನ್ನು ಹಾಕಿ ಇನ್ನೊಂದನ್ನು ಬಿಚ್ಚುತ್ತಾರೆ. ಒಂಟಿ ಸ್ಪ್ರಿಂಗೂ ತಾನೇ ತಟ್ಟೆ ಮುಚ್ಚಬೇಕು. ಕಡೆಗೆ ಏರ್ ಫಿಲ್ಟರ್ ಕೂರಿಸಿ ಅದರ ತಳ ತಾಗುವುದಿಲ್ಲವೆಂದು ಮತ್ತೊಮ್ಮೆ, ಪೆಡಲಿನ ಕೆಳಗೆ ಮ್ಯಾಟ್ ಮಡಚಿಕೊಂಡಿಲ್ಲವೆಂದು ಮಗದೊಮ್ಮೆ ನೋಡುತ್ತಾರೆ. ಎಂಜಿನ್ ಚಾಲೂ ಮಾಡುವುದು ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ.

ಈ ಎರಡು ಸ್ಪ್ರಿಂಗಿನ ಶಿಸ್ತು ಅಮೆರಿಕದಲ್ಲಿ ಕಾನೂನಾದದ್ದು 1973ರ ಸೆಪ್ಟೆಂಬರ್ 1ರಿಂದ. ಥ್ರಾಟಲ್ ಹಿಂದಿರುಗಿಸಲು ಕನಿಷ್ಠ ಎರಡು ಶಕ್ತಿಮೂಲ ಇರಬೇಕು, ಒಂದು ಕಡಿದರೂ ಇನ್ನೊಂದು ಸಾಮಾನ್ಯ ಹವೆಯಲ್ಲಿ 1 ಸೆಕೆಂಡಿನೊಳಗೆ ಕಾರಿನ ಥ್ರಾಟಲನ್ನು ಐಡಲಿಗೆ ತರಬೇಕು ಎಂದಿತು ಅಲ್ಲಿನ ಸುರಕ್ಷತಾ ನಿಯಮ. ಡಾರ್ಟ್ ಅದಕ್ಕೂ ಹಿಂದಿನ ಕಾರು. ಮೇಸ್ತ್ರಿಗೆ ಈ ಪಾಠ ಬಂದದ್ದು ಡಾಡ್ಜ್ ಲಾರಿಗಳ ಕಾಲದ ಉಸ್ತಾದರಿಂದ.

ಆ ಲಾರಿಗಳ ಹಿಂದೆ ನಮ್ಮ ನಾಡಿನ ಕೈತಪ್ಪಿದ ಕಥೆಯೊಂದಿದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು, ಅಮೆರಿಕ ಸುತ್ತಿಬಂದು ಕಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಮೈಸೂರು ಸಂಸ್ಥಾನದಲ್ಲಿ ಅದು ತಲೆಯೆತ್ತಲು ಬ್ರಿಟಿಷ್ ಸರ್ಕಾರ ಬಿಡಲಿಲ್ಲ. ವಾಲ್‌ಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿ, ಕ್ರೈಸ್ಲರ್ ಒಪ್ಪಂದದಲ್ಲಿ ಡಾಡ್ಜ್, ಪ್ಲಿಮತ್ ವಾಹನಗಳನ್ನು ಜೋಡಿಸಿದರು.

ಇವತ್ತು ಹಳೆಯ ವಾಹನಗಳಿಗೆ ಗೌರವವೇನೋ ಸಿಕ್ಕಿದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನೋಂದಣಿ ತಂದಿತು. ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಮಕ್ಕಳು ಹಳೆಯ ಕಾರುಗಳನ್ನು ಕಣ್ಣರಳಿಸಿ ನೋಡುತ್ತಾರೆ. ಅವುಗಳನ್ನು ಓಡುವ ಸ್ಥಿತಿಯಲ್ಲಿಟ್ಟ ಕೈಗಳಿಗೆ ಯಾವ ನೋಂದಣಿಯೂ ಇಲ್ಲ. 2000ದ ಆಸುಪಾಸಿನಲ್ಲಿ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಯಿತು, ಈಗ ಪೆಡಲಿನಿಂದ ಎಂಜಿನ್ನಿಗೆ ತಂತಿಯ ಸಂದೇಶ ಮಾತ್ರ. ಸೀಟಿನಲ್ಲಿ ಕೂತು ಪೆಡಲ್ ಒತ್ತುವ ಆ ಹುಡುಗನೂ ಎಲೆಕ್ಟ್ರಿಕ್ ಸ್ಕೂಟರಿನ ಸರ್ವಿಸ್ ಸೆಂಟರಿಗೆ ಅರ್ಜಿ ಹಾಕಿದ್ದಾನೆ. ಮೇಸ್ತ್ರಿಗೆ ಅದರ ಬಗ್ಗೆ ಬೇಸರವಿಲ್ಲ. "ಅವನ ಹೊಟ್ಟೆಪಾಡು ನಡೀಬೇಕಲ್ಲ ಸಾರ್."

ಹಳೆಯ ಕಾರುಗಳ ಸಂಘಗಳು ರ‍್ಯಾಲಿಯ ಜೊತೆಗೊಂದು ದಿನವನ್ನು ಇಂಥ ಮೇಸ್ತ್ರಿಗಳ ಪಾಠಕ್ಕೆ ಮೀಸಲಿಡಬಹುದು. ಐಟಿಐ ಹುಡುಗರು ಬಂದು ನೋಡಬಹುದು, ಯಾರಾದರೂ ಚಿತ್ರೀಕರಿಸಿಡಬಹುದು. ಡಾರ್ಟಿಗೆ ಬೇಕಾದ ಸ್ಪ್ರಿಂಗ್ ಇನ್ನು ಎಷ್ಟೋ ವರ್ಷ ಅಮೆರಿಕದಿಂದ ಬರುತ್ತಿರುತ್ತದೆ. ಬಂದ ಸ್ಪ್ರಿಂಗನ್ನು ಬೆಳಕಿಗೆ ಹಿಡಿದು, ಇದು ಬೇಡ ಎನ್ನುವ ಧೈರ್ಯವುಳ್ಳವರು ಈ ಗಲ್ಲಿಯಲ್ಲಿ ಈಗ ಅವರೊಬ್ಬರೇ. ಅವರಿಗೂ ವಯಸ್ಸಾಗುತ್ತಿದೆ.