ಕಲ್ಪಿತ ಯಂತ್ರದ ಸ್ಥಾನಾಂತರವೂ ಸ್ಥಾನಿವದ್ಭಾವವೂ

ಚಾಮರಾಜನಗರ ತಾಲ್ಲೂಕಿನ ಹೋಬಳಿಗಳಲ್ಲಿ ಚಂದಕವಾಡಿಯೂ ಒಂದು. ಪಹಣಿಯ ಪ್ರತಿಯನ್ನು ಬೇಡಿ ಅಲ್ಲಿಯ ನಾಡಕಚೇರಿಗೆ ಬಂದ ರೈತನ ಕಣ್ಣಿಗೆ ಬೀಳುವುದು ಒಂದು ಮೇಜು, ಒಂದು ಕಂಪ್ಯೂಟರು, ಒಂದು ಪ್ರಿಂಟರು, ಇಷ್ಟೇ. ಅವನ ಹೊಲದ ಸರ್ವೆ ನಂಬರೂ ವಿಸ್ತೀರ್ಣವೂ ಆ ಮೇಜಿನ ಮೇಲೆ ಇರುವುದಿಲ್ಲ. ಹಿಂದೆ ಸುಮಾರು 9,000 ಮಂದಿ ಗ್ರಾಮಲೆಕ್ಕಿಗರ ಕೈಬರಹದ ವಹಿಗಳಲ್ಲಿದ್ದ ಈ ಬಗೆಯ ದಾಖಲೆಗಳು ‘ಭೂಮಿ’ ಎಂಬ ಯೋಜನೆಯಿಂದ 2001-02ರ ಹೊತ್ತಿಗೆ ಕಂಪ್ಯೂಟರಿಗೆ ಏರಿದುವು. ಅವುಗಳ ಸಂಖ್ಯೆ ಸುಮಾರು ಎರಡು ಕೋಟಿ. ಮೊದಲು ಅವು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದು, ಕಾಲಕ್ರಮದಲ್ಲಿ ಬೆಂಗಳೂರಿನ ದತ್ತಾಂಶ ಕೇಂದ್ರವನ್ನು ಸೇರಿದುವು. ಹೀಗಿರಲಾಗಿ ಚಂದಕವಾಡಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು ನೂರು ಮೈಲಿಯಾಚೆಯ ಒಂದು ಯಂತ್ರ. ಆ ಯಂತ್ರಕ್ಕೆ ದುರಸ್ತಿ ಬೇಕಾದಾಗ ರೈತನ ಕೆಲಸ ನಡುವೆ ಕಡಿಯದಂತೆ ನೋಡಿಕೊಳ್ಳುವುದು ಹೇಗೆ? ಈ ಕಚೇರಿಯನ್ನು ದೃಷ್ಟಾಂತವಾಗಿ ಮಾತ್ರ ಇಟ್ಟುಕೊಂಡು, ಇಂಥ ಕೇಂದ್ರಗಳಿಗೆಲ್ಲ ಸಾಧಾರಣವಾದ ಆ ಪ್ರಶ್ನೆಯ ಒಂದು ಭಾಗವನ್ನು ಇಲ್ಲಿ ವಿಚಾರಿಸಲಾಗುವುದು. ಅದಕ್ಕೆ ಸಂಬಂಧಪಟ್ಟ ಆಂಗ್ಲ ಪರಿಭಾಷೆಯನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದಲ್ಲಿ ಅರ್ಥವೇ ಕೆಡುವ ಸಂಭವವಿರುವುದರಿಂದ ಈ ವಿಚಾರವು ಭಾಷಾಧ್ಯಾಪಕರಿಗೂ ಅವಶ್ಯವಾದುದು.

ಈಗಿನ ದತ್ತಾಂಶ ಕೇಂದ್ರಗಳಲ್ಲಿ ಲೋಹದ ಪೆಟ್ಟಿಗೆಯೇ ಯಂತ್ರವೆಂಬ ನಿಯಮವಿಲ್ಲ. ಒಂದು ಪೆಟ್ಟಿಗೆಯೊಳಗೆ ಹತ್ತಾರು ಯಂತ್ರಗಳು ಇರುವಂತೆ ತಂತ್ರಾಂಶದಿಂದ ಕಲ್ಪಿಸುತ್ತಾರೆ. ವರ್ಚುವಲ್ ಮೆಷಿನ್ ಎಂದು ಹೆಸರಾದ ಇವನ್ನು ಕಲ್ಪಿತ ಯಂತ್ರಗಳೆನ್ನಬಹುದು. ಹೊರುವ ಪೆಟ್ಟಿಗೆಯು ಆಶ್ರಯಯಂತ್ರ. ಇಬ್ಬರ ನಡುವೆ ನಿಂತು ಆಳುವ ಹೈಪರ್‌ವೈಸರ್ ಎಂಬ ತಂತ್ರಾಂಶವು ನಿಯಾಮಕ. ಕಲ್ಪಿತ ಯಂತ್ರದ ಸರ್ವಸ್ವವೂ ನೆನಪಿನ ಪುಟಗಳು, ಗಣಕದ ಆ ಕ್ಷಣದ ಸ್ಥಿತಿ, ಉಪಕರಣಗಳ ಸ್ಥಿತಿ ಎಂಬ ಈ ಮೂರರಲ್ಲಿ ಅಡಗಿರುವುದರಿಂದ, ಅವುಗಳನ್ನು ಬೇರೊಂದು ಆಶ್ರಯಕ್ಕೆ ಒಯ್ದರೆ ಯಂತ್ರವೇ ಅಲ್ಲಿಗೆ ಹೋದಂತಾಯಿತು. ಅದು ಕೆಲಸಮಾಡುತ್ತಿರುವಾಗಲೇ ನಡೆದರೆ ಅದಕ್ಕೆ ಲೈವ್ ಮೈಗ್ರೇಷನ್, ಎಂದರೆ ಅವಿಚ್ಛಿನ್ನ ಸ್ಥಾನಾಂತರ, ಎಂದು ಹೆಸರು. ಮಾಧವಕೃತವೆಂದು ಪ್ರಸಿದ್ಧವಾದ ಶಂಕರದಿಗ್ವಿಜಯದಲ್ಲಿ ಆಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆ ಇಲ್ಲಿ ಯಾರಿಗಾದರೂ ನೆನಪಾಗುವುದು ಸಹಜ. ಆದರೆ ಸಾಮ್ಯವು ದೂರ ಹೋಗದು. ಅಲ್ಲಿ ಹಿಂದಿನ ದೇಹವನ್ನು ಶಿಷ್ಯರು ಕಾದರು, ಹೊಕ್ಕ ದೇಹವು ಮತ್ತೊಬ್ಬನದು. ಇಲ್ಲಿ ಹಿಂದಿನದನ್ನು ಅಳಿಸಿಬಿಡುತ್ತಾರೆ, ಹೊಸದು ಯಾರದೂ ಅಲ್ಲ.

ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇನ್ನೊಂದು ಉಪಮಾನವು ಹತ್ತಿರವಾಗಬಹುದು. ಕವಿಯು ಇನ್ನೂ ಓಲೆಗರಿಗಳನ್ನು ತಿದ್ದುತ್ತಿರುವಾಗಲೇ ಲಿಪಿಕಾರನೊಬ್ಬನು ಪಕ್ಕದಲ್ಲಿ ಕುಳಿತು ಪ್ರತಿಮಾಡತೊಡಗಿದನೆನ್ನೋಣ. ಕೊನೆಯ ಗರಿಯನ್ನು ಮುಟ್ಟುವಷ್ಟರಲ್ಲಿ ಕವಿಯು ಹಿಂದಿನ ಕೆಲವು ಗರಿಗಳನ್ನು ತಿದ್ದಿರುವನು. ಲಿಪಿಕಾರನು ಅವನ್ನಷ್ಟೇ ಮತ್ತೆ ಪ್ರತಿಮಾಡುವನು. ಆ ವೇಳೆಗೆ ಇನ್ನೂ ಕೆಲವು ಬದಲಾಗಿರುವುವು. ಆದರೆ ಸುತ್ತು ಸುತ್ತಿಗೆ ಉಳಿದ ಗರಿಗಳು ಕಡಮೆಯಾಗುವುವು. ಇನ್ನು ಎರಡೋ ಮೂರೋ ಉಳಿದಾಗ ‘ಸ್ವಲ್ಪ ಕಂಟವನ್ನು ಎತ್ತಿ ಹಿಡಿಯಬೇಕು’ ಎಂದು ಕವಿಯನ್ನು ಬೇಡಿ, ಅವನ್ನು ಬರೆದು ಮುಗಿಸಿ, ಹೊಸ ಪ್ರತಿಯನ್ನೇ ಅವನ ಮುಂದೆ ಇಡುವನು. ಕಲ್ಪಿತ ಯಂತ್ರದಲ್ಲಿಯೂ ಸಾಮಾನ್ಯವಾಗಿ 4,096 ಬೈಟುಗಳ ಒಂದೊಂದು ಪುಟವನ್ನು ಹೀಗೆಯೇ ಸಾಗಿಸುತ್ತಾರೆ. ಯಾವ ಪುಟ ತಿದ್ದಲ್ಪಟ್ಟಿತೆಂಬ ಲೆಕ್ಕ ನಿಯಾಮಕದ ಬಳಿ ಇರುತ್ತದೆ. ಕೇಂಬ್ರಿಡ್ಜಿನ ವಿದ್ವಾಂಸರು ಮೊದಲಾದವರು 2005ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಂಟವನ್ನು ಎತ್ತಿ ಹಿಡಿದ ಆ ಅವಧಿಯು ಒಂದು ಆಟದ ಸರ್ವರಿನ ವಿಷಯದಲ್ಲಿ ಸೆಕೆಂಡಿನ ಸಾವಿರದಲ್ಲಿ 60 ಭಾಗದಷ್ಟೇ ಆಗಿದ್ದಿತು. ಇಂದು ಬಹಳವಾಗಿ ಬಳಕೆಯಲ್ಲಿರುವ ಕ್ಯೂಇಎಂಯು ಎಂಬ ನಿಯಾಮಕವು ಸಾವಿರದಲ್ಲಿ 300 ಭಾಗಕ್ಕೆ ಮೀರಬಾರದೆಂದು ತಾನಾಗಿ ಗಡುವಿಟ್ಟುಕೊಳ್ಳುತ್ತದೆ. ಚಂದಕವಾಡಿಯ ಮೇಜಿನೆದುರು ನಿಂತವನಿಗೆ ಇದು ಗೊತ್ತೇ ಆಗದು.

ಇಷ್ಟರಿಂದಲೇ ಕಾರ್ಯ ಮುಗಿಯುವಂತಿದ್ದರೆ ಈ ಲೇಖನಕ್ಕೆ ಅವಕಾಶವಿರುತ್ತಿರಲಿಲ್ಲ. ತೊಡಕು ಇರುವುದು ಉಪಕರಣಗಳಲ್ಲಿ, ವಿಶೇಷವಾಗಿ ಯಂತ್ರವನ್ನು ಹೊರಗಿನ ಜಾಲಕ್ಕೆ ಕೂಡಿಸುವ ನೆಟ್‌ವರ್ಕ್ ಕಾರ್ಡಿನಲ್ಲಿ. ಕಲ್ಪಿತ ಯಂತ್ರಕ್ಕೆ ಇಂಥ ಕಾರ್ಡನ್ನು ಎರಡು ಬಗೆಯಾಗಿ ಒದಗಿಸಬಹುದು. ಕಾರ್ಡನ್ನೂ ತಂತ್ರಾಂಶದಿಂದಲೇ ಕಲ್ಪಿಸುವುದು ಒಂದು ಬಗೆ; ವರ್ಟಿಯೋ ಎಂಬುದು ಇದಕ್ಕೆ ಉದಾಹರಣೆ. ಅದರ ಸ್ಥಿತಿಯೆಲ್ಲ ನಿಯಾಮಕಕ್ಕೆ ಗೊತ್ತಿರುವುದರಿಂದ ಸುಲಭವಾಗಿ ಒಯ್ಯಬಹುದು. ಆದರೆ ಪ್ರತಿಯೊಂದು ಸಂದೇಶವೂ ಆಶ್ರಯಯಂತ್ರದ ತಂತ್ರಾಂಶದ ಕೈದಾಟಿ ಹೋಗಬೇಕಾದ ಕಾರಣ ವೇಗ ಕಡಮೆ. ಲೋಹದ ಕಾರ್ಡಿನ ಒಂದು ಪಾಲನ್ನೇ ಕಲ್ಪಿತ ಯಂತ್ರದ ವಶಕ್ಕೆ ನೇರವಾಗಿ ಕೊಡುವುದು ಎರಡನೆಯ ಬಗೆ. ಒಂದು ಕಾರ್ಡು ಅನೇಕ ಕಾರ್ಡುಗಳಂತೆ ತೋರುವ ಎಸ್‌ಆರ್-ಐಒವಿ ಎಂಬ ನಿಯಮಾವಳಿ 2007ರಲ್ಲಿ ಬಂದ ಮೇಲೆ ಇದು ಪ್ರಚಾರಕ್ಕೆ ಬಂದಿತು. ವೇಗ ಇದರಲ್ಲಿಯೇ ಹೆಚ್ಚು. ಆದರೆ ಈ ಕಾರ್ಡಿನ ಒಳಗಿನ ಸ್ಥಿತಿ ನಿಯಾಮಕಕ್ಕೆ ಕಾಣದು. ಅಷ್ಟೇ ಅಲ್ಲದೆ, ಬಂದ ಸಂದೇಶಗಳನ್ನು ಅದು ಯಾರನ್ನೂ ಕೇಳದೆ ನೆನಪಿನ ಪುಟಗಳಲ್ಲಿ ನೇರವಾಗಿ ಬರೆದುಬಿಡುವುದು. ಕವಿಯದಲ್ಲದ ಬೇರೊಂದು ಕೈ ಲಿಪಿಕಾರನ ಕಣ್ತಪ್ಪಿಸಿ ಗರಿಗಳನ್ನು ತಿದ್ದಿದಂತೆ. ಅಂಥಲ್ಲಿ ಪ್ರತಿಯು ಶುದ್ಧವಾಗುವುದು ಹೇಗೆ? ಆದುದರಿಂದ ವೇಗವನ್ನು ಬಯಸಿದರೆ ಸ್ಥಾನಾಂತರವಿಲ್ಲ, ಸ್ಥಾನಾಂತರವನ್ನು ಬಯಸಿದರೆ ವೇಗವಿಲ್ಲ ಎಂಬ ಉಭಯಸಂಕಟ ಬಹುಕಾಲ ಇದ್ದಿತು.

ಇದಕ್ಕೆ ಕಂಡುಕೊಂಡ ಪರಿಹಾರವು ಎರಡನ್ನೂ ಇಟ್ಟುಕೊಳ್ಳುವುದೇ ಆಗಿದೆ. ಚಾಮರಾಜನಗರದ ಸೀಮೆಯಲ್ಲಿ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರನ್ನೂ ಮಂಟೇಸ್ವಾಮಿಯ ಕಥೆಯನ್ನು ಹಾಡುವ ನೀಲಗಾರರನ್ನೂ ಕೇಳಿದವರಿಗೆ ಇದರ ಮರ್ಮ ಬೇಗ ತಿಳಿಯುವುದು. ಕಥೆಯನ್ನು ನಡೆಸುವವನು ಮುಂದಾಳು. ಅವನು ಉಸಿರಿಗೆ ನಿಂತಾಗ, ನೀರು ಕುಡಿದಾಗ, ಹಿಮ್ಮೇಳದವರು ಸೊಲ್ಲನ್ನು ಹಿಡಿದಿರುತ್ತಾರೆ. ಅವರು ಆಗ ಎಲ್ಲಿಂದಲೋ ಬಂದವರಲ್ಲ. ಮೊದಲಿನಿಂದಲೂ ಅಲ್ಲಿಯೇ, ಅದೇ ಶ್ರುತಿಯಲ್ಲಿ ಕುಳಿತವರು. ಕೇಳುವವರಿಗೆ ಕಥೆ ನಿಂತಿತೆನಿಸುವುದಿಲ್ಲ. ಹಾಗೆಯೇ ಕಲ್ಪಿತ ಯಂತ್ರದಲ್ಲಿ ವೇಗದ ಕಾರ್ಡು ಮುಖ್ಯವಾಗಿಯೂ ವರ್ಟಿಯೋ ಕಾರ್ಡು ಪ್ರತಿನಿಧಿಯಾಗಿಯೂ ಜೊತೆಗೆ ಇರುತ್ತವೆ. ಇಲ್ಲಿ ಶ್ರುತಿಯ ಸ್ಥಾನದಲ್ಲಿರುವುದು ಮ್ಯಾಕ್ ವಿಳಾಸ ಎಂಬ 48 ಬಿಟ್ಟುಗಳ ಸಂಖ್ಯೆ. ಅದು ಎರಡಕ್ಕೂ ಒಂದೇ. ಇವೆರಡರ ಮೇಲೆ ಹೆಸರಿಗೆ ಮಾತ್ರ ಇರುವ ಮೂರನೆಯ ಕಾರ್ಡೊಂದನ್ನು ಕಲ್ಪಿಸಿ, ಐಪಿ ವಿಳಾಸವನ್ನು ಅದಕ್ಕೆ ಕಟ್ಟುತ್ತಾರೆ. ಒಳಗಿನ ತಂತ್ರಾಂಶಗಳು ನೋಡುವುದು ಈ ಮೂರನೆಯದನ್ನು ಮಾತ್ರ. ಕಳುಹಿಸುವಾಗ ಮುಖ್ಯವಿದ್ದರೆ ಮುಖ್ಯದ ಮೂಲಕ, ಇಲ್ಲದಿದ್ದರೆ ಪ್ರತಿನಿಧಿಯ ಮೂಲಕ. ಬರುವ ಸಂದೇಶವು ಯಾವುದರಿಂದ ಬಂದರೂ ಅಂಗೀಕಾರ.

ಇನ್ನು ಕ್ರಮವನ್ನು ನೋಡಬೇಕು. ಇಡೀ ಉಪಾಯವು ನಿಂತಿರುವುದು ಕ್ರಮದ ಮೇಲೆಯೇ. ಒಂದೇ ಮ್ಯಾಕ್ ವಿಳಾಸದ ಎರಡು ಕಾರ್ಡುಗಳನ್ನು ಈ ಪದ್ಧತಿಯನ್ನರಿಯದ ಹಳೆಯ ಕಲ್ಪಿತ ಯಂತ್ರವು ಕಂಡರೆ ದಿಕ್ಕುಗೆಡುವುದು. ಆದುದರಿಂದ ‘ಪ್ರತಿನಿಧಿಯನ್ನು ಬಲ್ಲೆನು’ ಎಂದು ಯಂತ್ರವು ಮೊದಲು ಒಪ್ಪಿಕೊಳ್ಳುವವರೆಗೆ ನಿಯಾಮಕವು ಮುಖ್ಯವನ್ನು ಮರೆಯಲ್ಲಿಯೇ ಇಡುವುದು. ಸ್ಥಾನಾಂತರವು ಬಂದೊದಗಿದಾಗ ಮುಖ್ಯ ಕಾರ್ಡನ್ನು ಬಿಟ್ಟುಕೊಡೆಂದು ಯಂತ್ರವನ್ನು ಕೇಳುವುದು. ಕಿತ್ತುಕೊಳ್ಳುವುದಿಲ್ಲ, ಬಿಡುವವರೆಗೆ ಕಾಯುವುದು. ಯಂತ್ರವು ಬಿಟ್ಟುಕೊಟ್ಟ ಕೂಡಲೆ ಸಂಚಾರವು ಪ್ರತಿನಿಧಿಗೆ ಬರುವುದು. ಅದೇ ವೇಳೆಗೆ ಆಶ್ರಯಯಂತ್ರದ ಲೋಹದ ಕಾರ್ಡಿನಲ್ಲಿಯೂ ಆ ವಿಳಾಸವನ್ನು ಮುಖ್ಯದ ಹೆಸರಿನಿಂದ ತೆಗೆದಿರಬೇಕು. ಇಲ್ಲವಾದರೆ ಹೊರಗಿನಿಂದ ಬಂದ ಸಂದೇಶಗಳು ಯಾರೂ ಇಲ್ಲದ ಮನೆಯ ಬಾಗಿಲಿಗೆ ಹೋಗಿ ಬೀಳುವುವು. ಆಮೇಲೆ ಮೇಲೆ ಹೇಳಿದ ಪುಟಗಳ ಪ್ರತಿಕಾರ್ಯ. ಹೊಸ ಆಶ್ರಯದಲ್ಲಿ ಎಚ್ಚೆತ್ತ ಮೇಲೆ, ‘ಈ ವಿಳಾಸವು ಇನ್ನು ಇತ್ತ ಕಡೆ ಇದೆ’ ಎಂದು ಜಾಲಕ್ಕೆಲ್ಲ ಸಾರುವ ಕಿರುಸಂದೇಶ ಹೊರಡುವುದು. ಅದನ್ನು ಕೇಳಿದ ಸ್ವಿಚ್ಚುಗಳು ತಮ್ಮ ಪಟ್ಟಿಯನ್ನು ತಿದ್ದಿಕೊಳ್ಳುವುವು. ಕಡೆಯಲ್ಲಿ ಅಲ್ಲಿಯ ಮುಖ್ಯ ಕಾರ್ಡನ್ನು ಜೋಡಿಸಿದರೆ ಸಂಚಾರವು ತಾನಾಗಿ ಅದಕ್ಕೆ ಮರಳುವುದು. ನಡುವೆ ಸ್ಥಾನಾಂತರವು ಕೆಟ್ಟರೆ ಹಳೆಯ ಆಶ್ರಯದಲ್ಲಿಯೇ ಮುಖ್ಯವನ್ನು ಮತ್ತೆ ಕೂಡಿಸುವರು. ಈ ಕೈಬದಲಿನಲ್ಲಿ ಒಂದೆರಡು ಸಂದೇಶಗಳು ಕಳೆದರೂ ಟಿಸಿಪಿ ಎಂಬ ಸಂವಾದನಿಯಮವು ಅವನ್ನು ಮತ್ತೆ ಕಳುಹಿಸಿಕೊಳ್ಳುವುದರಿಂದ ಪಹಣಿಯಲ್ಲಿ ಒಂದಕ್ಷರವೂ ಲೋಪವಾಗದು.

ಈ ಉಪಾಯವು ಒಂದೇ ಸಲಕ್ಕೆ ಸಿದ್ಧವಾದುದಲ್ಲ. 2008ರಲ್ಲಿ ಆಟವಾದ ಲಿನಕ್ಸ್ ಸಮ್ಮೇಳನದಲ್ಲಿ ಇಂಟೆಲ್ ಸಂಸ್ಥೆಯವರು ಎರಡು ಕಾರ್ಡುಗಳನ್ನು ಕಲ್ಪಿತ ಯಂತ್ರದೊಳಗೇ ಬಂಧಿಸಿ ಸ್ಥಾನಾಂತರ ಮಾಡುವ ರೀತಿಯನ್ನು ವಿವರಿಸಿದ್ದರು. ಆದರೆ ಆ ಬಂಧನವನ್ನು ಯಂತ್ರದ ಒಡೆಯನೇ ಕೈಯಾರೆ ಮಾಡಿಕೊಳ್ಳಬೇಕಾಗಿದ್ದಿತು. ಆಶ್ರಯವನ್ನು ನಡೆಸುವವನಿಗೆ ಅದು ಎಟುಕದು. ಒಡೆಯನ ಪ್ರಯತ್ನವಿಲ್ಲದೆ ತಾನಾಗಿ ಕೂಡಿಕೊಳ್ಳುವ ಏರ್ಪಾಡು ಲಿನಕ್ಸಿನ ತಿರುಳಿಗೆ ಸೇರಿದುದು 2018ರ ಆಗಸ್ಟಿನ 4.18ನೆಯ ಆವೃತ್ತಿಯಲ್ಲಿ; ನಿಯಾಮಕದ ಕಡೆಯ ಭಾಗವು ಕ್ಯೂಇಎಂಯು 4.2ರೊಡನೆ 2019ರ ಡಿಸೆಂಬರಿನಲ್ಲಿ ಬಂದಿತು.

ಈಗ ಪರಿಭಾಷೆಯ ವಿಚಾರ. ಇದಕ್ಕೆ ಆಂಗ್ಲರು ಕೊಟ್ಟ ಹೆಸರು ಫೇಲ್‌ಓವರ್. ಇದನ್ನು ನೋಡಿ ‘ವೈಫಲ್ಯ’ ಎಂಬ ಪದವನ್ನು ಹೇಗಾದರೂ ಸೇರಿಸಿ ಸಮಾಸಮಾಡಲು ಹೊರಡುವುದು ಸಲ್ಲದು. ಆ ಹೆಸರು ಕೆಟ್ಟುಹೋದ ಉಪಕರಣಕ್ಕೆ ಬದಲು ಬಂದ ಹಳೆಯ ಪ್ರಸಂಗಗಳಿಂದ ಉಳಿದುಬಂದುದು. ಇಲ್ಲಿ ಯಾವುದೂ ವಿಫಲವಾಗಿಲ್ಲ. ಸರಿಯಾಗಿ ಕೆಲಸಮಾಡುತ್ತಿರುವ ಮುಖ್ಯವನ್ನು ಬುದ್ಧಿಪೂರ್ವಕವಾಗಿ ಹಿಂದೆಗೆದುಕೊಂಡಿದೆ. ವ್ರೀಹಿ ದೊರೆಯದಲ್ಲಿ ನೀವಾರವನ್ನು ಕೊಳ್ಳುವುದನ್ನು ಮೀಮಾಂಸಕರು ಪ್ರತಿನಿಧಿ ಎಂದರು. ಕನ್ನಡದಲ್ಲಿಯೂ ಆ ಪದ ಎಲ್ಲರ ಬಾಯಲ್ಲಿದೆ. ಆದಕಾರಣ ‘ಪ್ರತಿನಿಧಿಕ್ರಮ’ ಎಂದರೆ ಸಾಕು, ಅರ್ಥಕ್ಕೂ ಭಂಗವಿಲ್ಲ.

ಪ್ರತಿನಿಧಿಯು ಮುಖ್ಯದ ಅಧಿಕಾರವನ್ನು ಎಷ್ಟರ ಮಟ್ಟಿಗೆ ಪಡೆಯುವುದೆಂಬುದಕ್ಕೆ ವೈಯಾಕರಣರ ಸ್ಥಾನಿವದ್ಭಾವಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕುವುದು ಕಷ್ಟ. ಆದೇಶವು ಸ್ಥಾನಿಯಂತೆಯೇ ವರ್ತಿಸುವುದೆಂದು ಪಾಣಿನಿಯ ವಿಧಿ. ‘ಪ್ರಕೃತ್ಯ’ ಎಂಬಲ್ಲಿ ಕ್ತ್ವಾ ಪ್ರತ್ಯಯದ ಸ್ಥಾನದಲ್ಲಿ ಲ್ಯಪ್ ಬಂದರೂ ಕೃತ್ತ್ವ, ಅವ್ಯಯತ್ವ ಮೊದಲಾದ ಧರ್ಮಗಳು ಕ್ತ್ವಾಕ್ಕಿದ್ದಂತೆಯೇ ಅದಕ್ಕೂ ಬರುವುವು. ಆದರೆ ಆ ವಿಧಿಗೆ ಪಾಣಿನಿಯೇ ಒಂದು ಎಲ್ಲೆಯನ್ನು ಹಾಕಿರುವನು: ವರ್ಣವನ್ನೇ ಆಶ್ರಯಿಸಿದ ಕಾರ್ಯಗಳಲ್ಲಿ ಈ ಸಾಮ್ಯವಿಲ್ಲ. ‘ದ್ಯೌಃ’ ಎಂಬಲ್ಲಿ ವಕಾರದ ಸ್ಥಾನದಲ್ಲಿ ಔಕಾರವು ಬಂದಿದೆ. ಅದನ್ನು ವ್ಯಂಜನದಂತೆಯೇ ಎಣಿಸಿದ್ದರೆ ಮುಂದಿನ ಸು ಪ್ರತ್ಯಯವು ಲೋಪವಾಗಬೇಕಾಗಿದ್ದಿತು, ಆಗಲಿಲ್ಲ. ಕಾರ್ಡುಗಳ ವಿಷಯದಲ್ಲಿಯೂ ವಿಳಾಸವನ್ನು ಆಶ್ರಯಿಸಿದ ವ್ಯವಹಾರಗಳೆಲ್ಲ, ಎಂದರೆ ಪಹಣಿಯ ವಿಚಾರಣೆ, ಪತ್ರವ್ಯವಹಾರ, ಜಾಲತಾಣದ ಸಂಚಾರ ಇತ್ಯಾದಿಗಳು, ಪ್ರತಿನಿಧಿಯಲ್ಲಿ ಯಥಾಸ್ಥಿತವಾಗಿ ಸಾಗುವುವು. ಆದರೆ ಲೋಹವನ್ನೇ ನೇರವಾಗಿ ಹಿಡಿದು ನಡೆಯುವ ತಂತ್ರಾಂಶಗಳೂ ಉಂಟು. ಆರ್‌ಡಿಎಂಎ ಎಂಬ ಕ್ರಮದಲ್ಲಿ ಒಂದು ಯಂತ್ರವು ಕಾರ್ಡಿನ ಮೂಲಕವೇ ಮತ್ತೊಂದರ ನೆನಪನ್ನು ಓದಿ ಬರೆಯುವುದು. ಅದಕ್ಕೆ ಮೂರನೆಯ ನಾಮಮಾತ್ರ ಕಾರ್ಡಿನ ಗೊಡವೆಯೇ ಇಲ್ಲ. ಮುಖ್ಯವನ್ನು ತೆಗೆದೊಡನೆ ಅದು ಕಡಿದುಬೀಳುವುದು. ಅದು ವರ್ಣಾಶ್ರಯವಾದ ಕಾರ್ಯ, ಅಲ್ಲಿ ಸ್ಥಾನಿವದ್ಭಾವವಿಲ್ಲ. ಒಂದು ಯಂತ್ರದಲ್ಲಿ ಈ ಬಗೆಯ ಕೆಲಸ ನಡೆಯುತ್ತಿದೆಯೇ ಎಂಬುದನ್ನು ವಿಚಾರಿಸದೆ ಸ್ಥಾನಾಂತರಕ್ಕೆ ಕೈಹಾಕುವುದು ಅಪಾಯ. ಪ್ರತಿನಿಧಿಯ ಕಾಲದಲ್ಲಿ ವೇಗ ತಗ್ಗುವುದಂತೂ ಇದ್ದೇ ಇದೆ.

ಮುಖ್ಯವನ್ನೇ ಅದರ ಒಳಸ್ಥಿತಿಯೊಡನೆ ಒಯ್ಯುವ ದಾರಿಯೂ ಈಚೆಗೆ ತೆರೆದಿದೆ. ತನ್ನ ಸ್ಥಿತಿಯನ್ನು ತಾನೇ ಬರೆದುಕೊಟ್ಟು, ಹೊಸ ಆಶ್ರಯದ ಕಾರ್ಡಿನಲ್ಲಿ ಅದನ್ನು ಮತ್ತೆ ತುಂಬಿಸಿಕೊಳ್ಳಬಲ್ಲ ಕಾರ್ಡುಗಳಿಗೆ ಲಿನಕ್ಸಿನಲ್ಲಿ 2022ರ 5.18ನೆಯ ಆವೃತ್ತಿಯಿಂದ ಅವಕಾಶ ದೊರೆಯಿತು. ಅದಕ್ಕೆ ಎರಡು ಕಡೆಯಲ್ಲಿಯೂ ಪರಸ್ಪರ ಹೊಂದುವ ಕಾರ್ಡುಗಳಿರಬೇಕು. ಒಬ್ಬ ತಯಾರಕನ ಕಾರ್ಡು ಬರೆದುಕೊಟ್ಟ ಸ್ಥಿತಿಯನ್ನು ಮತ್ತೊಬ್ಬನ ಕಾರ್ಡು ಓದಲಾರದು. ಪ್ರತಿನಿಧಿಕ್ರಮಕ್ಕೆ ಆ ನಿರ್ಬಂಧವಿಲ್ಲ. ಹೊಸ ಆಶ್ರಯದಲ್ಲಿ ಬೇರೆ ತಯಾರಕನ ಕಾರ್ಡಿದ್ದರೂ ಸರಿಯೆ, ಅದನ್ನು ನಡೆಸುವ ತಂತ್ರಾಂಶ ಕಲ್ಪಿತ ಯಂತ್ರದೊಳಗೆ ಇದ್ದರಾಯಿತು. ವೇಗದ ಕಾರ್ಡು ಅಲ್ಲಿ ಇಲ್ಲವೇ ಇಲ್ಲದಿದ್ದರೂ ಅದು ದೊರೆಯುವವರೆಗೆ ಹಿಮ್ಮೇಳವೇ ಸೊಲ್ಲನ್ನು ಹಿಡಿದು ನಡೆಸುವುದು.