ನಿಮಗಿದು ಗೊತ್ತೆ? ಎಳ್ಳೆಣ್ಣೆಯಲ್ಲಿ ತಿಂಗಳ ಮದ್ದು

ದೇವರಗುಡ್ಡದ ಸುತ್ತಲಿನ ರಾಣೆಬೆನ್ನೂರು ಸೀಮೆಯಲ್ಲಿ ಹತ್ತಿ, ಶೇಂಗಾ ಹಳೆಯ ಬೆಳೆಗಳು. ಇಂಥ ಕಾಳುಗಳ ಎಣ್ಣೆ ಇಂಜೆಕ್ಷನ್ ಸೀಸೆಯನ್ನೂ ಸೇರುತ್ತದೆ!

ಸ್ಕಿಜೋಫ್ರೇನಿಯಾಕ್ಕೆ ಕೊಡುವ ಫ್ಲುಫೆನಜಿನ್ ಡೆಕನೊಯೇಟ್, ಹ್ಯಾಲೊಪೆರಿಡಾಲ್ ಡೆಕನೊಯೇಟ್ ಚುಚ್ಚುಮದ್ದುಗಳಿಗೆ ಶುದ್ಧೀಕರಿಸಿದ ಎಳ್ಳೆಣ್ಣೆಯೇ ಆಧಾರ. ಔಷಧದ ಅಣುವಿಗೆ ಕೊಬ್ಬಿನಾಮ್ಲದ ಸರಪಳಿ ಜೋಡಿಸಿರುವುದರಿಂದ ಅದು ಎಣ್ಣೆಯಲ್ಲಿ ಸಲೀಸಾಗಿ ಕರಗುತ್ತದೆ. ಚುಚ್ಚಿದ ಮೇಲೆ ಈ ಎಣ್ಣೆ ಸ್ನಾಯುವಿನಲ್ಲಿ ಕಟ್ಟಿಟ್ಟ ಬುತ್ತಿಯಂತೆ ಉಳಿದು, ಮದ್ದನ್ನು ಇಷ್ಟಿಷ್ಟೇ ಬಿಟ್ಟುಕೊಡುತ್ತದೆ. ಆಗ ಕಿಣ್ವಗಳು ಸರಪಳಿ ಕತ್ತರಿಸಿ ಔಷಧವನ್ನು ಕೆಲಸಕ್ಕೆ ಹಚ್ಚುತ್ತವೆ. ದಿನವೂ ಮಾತ್ರೆ ನುಂಗಿಸಲು ಹೆಣಗುವ ಮನೆಯವರಿಗೆ 2ರಿಂದ 4 ವಾರಕ್ಕೊಂದು ಸೂಜಿ ಎಂದರೆ ಎಷ್ಟು ದೊಡ್ಡ ನೆಮ್ಮದಿ!

ಗಂಡು ಹಾರ್ಮೋನಿನ ಮದ್ದಾದ ಟೆಸ್ಟೊಸ್ಟೆರಾನ್ ಸಿಪಿಯೊನೇಟ್‌ಗೆ ಹತ್ತಿಕಾಳೆಣ್ಣೆ, ಆರ್ಸೆನಿಕ್ ವಿಷ ಇಳಿಸುವ ಡೈಮರ್ಕ್ಯಾಪ್ರಾಲ್‌ಗೆ ಶೇಂಗಾ ಎಣ್ಣೆ.

1940ರ ದಶಕದಲ್ಲಿ ಪೆನಿಸಿಲಿನ್ ಮೂತ್ರದಲ್ಲಿ ಬೇಗ ಹೊರಹೋಗುತ್ತಿತ್ತು. ಹಗಲು ರಾತ್ರಿ ಕೆಲವೇ ತಾಸಿಗೊಮ್ಮೆ ಚುಚ್ಚಬೇಕಿತ್ತು. ಅಮೆರಿಕದ ಸೇನಾವೈದ್ಯ ಮನ್ರೊ ರೊಮಾನ್ಸ್ಕಿ ಅದನ್ನು ಶೇಂಗಾ ಎಣ್ಣೆ, ಜೇನುಮೇಣದಲ್ಲಿ ಬೆರೆಸಿ ದಿನಕ್ಕೊಂದೇ ಸೂಜಿ ಸಾಕಾಗುವಂತೆ ಮಾಡಿದರು.

ಚುಚ್ಚುಮದ್ದಿಗೆ ಬಳಸುವುದು ಗಾಣದಿಂದ ನೇರ ತರುವ ಎಣ್ಣೆಯಲ್ಲ; ತೇವ, ಆಮ್ಲ ತೆಗೆದು ಕ್ರಿಮಿರಹಿತ ಮಾಡಿರುತ್ತಾರೆ. ಮಂದವಾದ್ದರಿಂದ ನಿಧಾನವಾಗಿ, ಸ್ನಾಯುವಿನ ಆಳಕ್ಕೇ ಕೊಡಬೇಕು. ರಕ್ತನಾಳಕ್ಕೆ ಹೋದರೆ ಅಪಾಯ. ಎಳ್ಳು, ಶೇಂಗಾ ಅಲರ್ಜಿ ಇದ್ದವರು ಸೂಜಿಗೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು.