ಅಗ್ಗದ ಬಿಡಿಭಾಗ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು?

ಗೋಕಾಕದ ಪೇಟೆಗೆ ಕರದಂಟು ಕೊಳ್ಳಲು ಹೋದ ಗೃಹಿಣಿಯು ಅಂಗಡಿಯವನ ಮಾತನ್ನಷ್ಟೇ ನಂಬಿ ಹಣ ತೆರುವವಳಲ್ಲ. ಬೆಲ್ಲದ ಬಣ್ಣವನ್ನು ನೋಡುತ್ತಾಳೆ. ಅಂಟು ಚೆನ್ನಾಗಿ ಅರಳಿದೆಯೇ, ಕೊಬ್ಬರಿಗೆ ಕಮಟು ವಾಸನೆ ಹತ್ತಿದೆಯೇ ಎಂದು ಪರೀಕ್ಷಿಸುತ್ತಾಳೆ. ಒಂದು ತುಣುಕನ್ನು ಮುರಿದು ಬಾಯಿಗೆ ಹಾಕಿಕೊಂಡ ಮೇಲೆಯೇ ತೂಕಕ್ಕೆ ಇಡಿಸುತ್ತಾಳೆ. ಅದೇ ಮನೆಯ ಯಜಮಾನನು ಕಾರಿನ ಶಾಕ್ ಅಬ್ಸಾರ್ಬರ್ ಕೆಟ್ಟಿತೆಂದು ಬಿಡಿಭಾಗಗಳ ಅಂಗಡಿಗೆ ಹೋದಾಗ ಕೇಳುವ ಪ್ರಶ್ನೆ ಮಾತ್ರ ಒಂದೇ: “ಇದಕ್ಕಿಂತ ಅಗ್ಗದ್ದು ಇಲ್ಲವೇ?”

ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಮಕ್ಕಳ ಶಾಲೆಯ ಶುಲ್ಕ, ಮನೆಯ ಸಾಲ, ಹಬ್ಬಹರಿದಿನ ಇವೆಲ್ಲವನ್ನೂ ಒಂದೇ ಸಂಬಳದಲ್ಲಿ ತೂಗಿಸಬೇಕಾದವರು ಬೆಲೆಯನ್ನು ಕೇಳದೆ ಇರುವುದಾದರೂ ಹೇಗೆ? ಆದರೆ ಕರದಂಟನ್ನು ಮುರಿದು ನೋಡಬಹುದು. ಶಾಕ್ ಅಬ್ಸಾರ್ಬರನ್ನು ಮುರಿದು ನೋಡಲಾಗದು. ಅದು ಮುಚ್ಚಿದ ಕೊಳವೆ. ಆದುದರಿಂದ ಬೆಲೆಯ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ವಿವೇಕ. “ಈ ಭಾಗವು ಕೆಟ್ಟರೆ ಹೇಗೆ ಕೆಡುತ್ತದೆ?” ಎಂಬುದೇ ಆ ಪ್ರಶ್ನೆ.

ಎರೆಭೂಮಿಯ ಹಾದಿ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. ಘಟಪ್ರಭೆಯ ನೀರುಂಡ ಈ ನಾಡಿನ ಬಹುಭಾಗ ಎರೆಮಣ್ಣಿನದು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟೇ ನಯವಾಗಿದ್ದರೂ ಕೆಲವು ವರ್ಷಗಳಲ್ಲಿ ಅಲೆಯಲೆಯಾಗುವುದು ಸಹಜ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಆ ಅಲೆಗಳನ್ನು ಇನ್ನಷ್ಟು ಆಳವಾಗಿಸುತ್ತವೆ. ಅತ್ತ ಹುಕ್ಕೇರಿ ತಾಲೂಕಿನ ಸಂಕೇಶ್ವರದ ಬಳಿ ಪುಣೆ–ಬೆಂಗಳೂರು ಹೆದ್ದಾರಿಯನ್ನು ಸೇರಿದೊಡನೆ ಅದೇ ಕಾರು ಅದರ ಎರಡರಷ್ಟು ವೇಗದಲ್ಲಿ ಓಡತೊಡಗುತ್ತದೆ. ಹಳ್ಳಿಯ ದಾರಿಯಲ್ಲಿ ಸವೆದ ಭಾಗದ ನಿಜವಾದ ಪರೀಕ್ಷೆ ನಡೆಯುವುದು ಹೆದ್ದಾರಿಯಲ್ಲಿ.

ಸ್ಪ್ರಿಂಗು ಮತ್ತು ಅದರ ಕಡಿವಾಣ

ಸ್ಪ್ರಿಂಗಿನ ನಿಯಮವನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿಯೇ ಪ್ರಕಟಿಸಿದ್ದನು. ಒಂದು ಮಿತಿಯೊಳಗೆ, ಭಾರ ಎರಡು ಪಾಲಾದರೆ ಸ್ಪ್ರಿಂಗಿನ ಕುಗ್ಗುವಿಕೆಯೂ ಎರಡು ಪಾಲಾಗುತ್ತದೆ. ಆದರೆ ಕುಗ್ಗಿದ ಸ್ಪ್ರಿಂಗು ಸುಮ್ಮನಿರುವುದಿಲ್ಲ. ಮರಳಿ ಚಿಮ್ಮುತ್ತದೆ, ಮತ್ತೆ ಕುಗ್ಗುತ್ತದೆ. ಈ ಕುಣಿತಕ್ಕೆ ಕಡಿವಾಣ ಹಾಕುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಚಲನೆಯ ಶಕ್ತಿಯು ಶಾಖವಾಗಿ ಹೊರಹೋಗುತ್ತದೆ.

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಕಡಿವಾಣ ತಪ್ಪಿದ ಚಕ್ರವು ಸೆಕೆಂಡಿಗೆ ಹತ್ತು ಹನ್ನೆರಡು ಸಲ ನೆಗೆಯಬಲ್ಲದು. ಎಂದರೆ ಸುಮಾರು ಒಂದೂವರೆ ಮೀಟರಿಗೊಮ್ಮೆ ಚಕ್ರವು ನೆಲದ ಹಿಡಿತವನ್ನು ಸಡಿಲಿಸುತ್ತದೆ. ನೆಲವನ್ನು ಬಿಟ್ಟ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವಿಲ್ಲ. ಅದು ತಿರುವನ್ನೂ ಹಿಡಿಯದು. ಶಾಕ್ ಅಬ್ಸಾರ್ಬರ್ ಬೆನ್ನುನೋವನ್ನು ತಪ್ಪಿಸುವ ಸುಖಸಾಧನವೆಂದು ತಿಳಿದವರು ಈ ಲೆಕ್ಕವನ್ನು ಮರೆಯಬಾರದು.

ಸದ್ದು ಮಾಡಿ ಕೆಡುವುದು, ಸದ್ದಿಲ್ಲದೆ ಕೆಡುವುದು

ಕಾರಿನ ಅಡಿಯ ಭಾಗಗಳನ್ನು ಕೆಡುವ ರೀತಿಗನುಸಾರ ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯ ವರ್ಗದ್ದು ಕೂಗಿ ಹೇಳಿ ಕೆಡುತ್ತದೆ. ಆಂಟಿರೋಲ್ ಸರಳಿನ ಸಣ್ಣ ಕೊಂಡಿಗಳು ಮತ್ತು ಅದರ ರಬ್ಬರು ಬುಷ್‌ಗಳು ಈ ಜಾತಿಯವು. ಅವು ಸವೆದರೆ ಟಕಟಕ ಸದ್ದು ಬರುತ್ತದೆ. ಕಾರು ತಿರುವಿನಲ್ಲಿ ತುಸು ಹೆಚ್ಚು ವಾಲುತ್ತದೆ. ಇಲ್ಲಿ ಅಗ್ಗದ್ದನ್ನು ಹಾಕಿಸಿ ನೋಡುವುದು ದೊಡ್ಡ ಅಪರಾಧವಲ್ಲ. ಬೇಗ ಸವೆದರೆ ಹೋಗುವುದು ಹಣ ಮಾತ್ರ.

ಎರಡನೆಯದು ಮೆಲ್ಲಮೆಲ್ಲನೆ ಕೆಡುತ್ತದೆ. ಶಾಕ್ ಅಬ್ಸಾರ್ಬರಿನದು ಈ ಸ್ವಭಾವ. ತಿಂಗಳಿಂದ ತಿಂಗಳಿಗೆ ಅದರ ಹಿಡಿತ ಕುಗ್ಗುತ್ತ ಹೋಗುತ್ತದೆ. ಚಾಲಕನು ತನಗೆ ಅರಿವಿಲ್ಲದೆಯೇ ಅದಕ್ಕೆ ಹೊಂದಿಕೊಳ್ಳುತ್ತಾನೆ. ಎದುರಿಗೆ ದೀಪವಿಲ್ಲದ ಕಬ್ಬಿನ ಟ್ರೇಲರ್ ಒಂದು ಥಟ್ಟನೆ ಕಾಣಿಸಿಕೊಂಡ ರಾತ್ರಿಯಲ್ಲಿಯೇ ಕೊರತೆ ತಿಳಿಯುವುದು. ಇಲ್ಲಿ ಹೆಸರಿಲ್ಲದ ಸರಕು ಸಲ್ಲದು.

ಮೂರನೆಯದು ಒಮ್ಮೆಲೇ ಕೈಕೊಡುತ್ತದೆ. ಚಕ್ರವನ್ನು ಕೆಳತೋಳಿಗೆ ಬಂಧಿಸುವ ಬಾಲ್ ಜಾಯಿಂಟ್, ಸ್ಟಿಯರಿಂಗಿನ ಟೈ ರಾಡ್ ತುದಿ, ತೋಳು ಇವು ಅಂಥವು. ಇವು ಕಳಚಿಕೊಂಡರೆ ಚಕ್ರವು ಹೊರಕ್ಕೆ ಮಗುಚುತ್ತದೆ, ಇಲ್ಲವೆ ತನಗೆ ತೋಚಿದತ್ತ ತಿರುಗುತ್ತದೆ. ಗೋಕಾಕ ಜಲಪಾತದ ಹಾದಿಯ ತಿರುವಿನಲ್ಲಿ, ಹೆಂಡತಿ ಮಕ್ಕಳು ಕುಳಿತ ಕಾರಿಗೆ ಹೀಗಾದರೆ ಉಳಿಸಿದ ನಾಲ್ಕಾರು ನೂರು ರೂಪಾಯಿಗೆ ಯಾವ ಬೆಲೆ? ಇಲ್ಲಿ ಮಿತವ್ಯಯಕ್ಕೆ ಸ್ಥಳವೇ ಇಲ್ಲ.

ಕಡಮೆ ಬೆಲೆಯೆಲ್ಲ ಕಳಪೆಯಲ್ಲ

ಹಾಗೆಂದು ಕಾರಿನ ಕಂಪನಿಯ ಪೆಟ್ಟಿಗೆಯಲ್ಲಿ ಬಂದದ್ದೇ ಅಪ್ಪಟ, ಉಳಿದದ್ದೆಲ್ಲ ಕಳಪೆ ಎಂದು ತಿಳಿಯುವುದೂ ಸರಿಯಲ್ಲ. ಕಾರಿನ ಕಂಪನಿಗಳು ಅನೇಕ ಭಾಗಗಳನ್ನು ತಾವೇ ತಯಾರಿಸದೆ ಬೇರೆ ಕಾರ್ಖಾನೆಗಳಿಂದ ತರಿಸಿಕೊಳ್ಳುತ್ತವೆ. 1961ರಲ್ಲಿ ಸ್ಥಾಪಿತವಾದ ಗೇಬ್ರಿಯಲ್ ಇಂಡಿಯಾ ವಾಹನ ತಯಾರಕರಿಗೂ ಶಾಕ್ ಅಬ್ಸಾರ್ಬರುಗಳನ್ನು ಒದಗಿಸುತ್ತದೆ, ತನ್ನದೇ ಹೆಸರಿನಲ್ಲಿ ಪೇಟೆಯಲ್ಲಿಯೂ ಮಾರುತ್ತದೆ. ಹೀಗೆ ಮೂಲ ಪೂರೈಕೆದಾರನ ಹೆಸರಿನಲ್ಲಿ ಕೊಂಡರೆ ಬೆಲೆಯೂ ತಗ್ಗಬಹುದು, ಗುಣವೂ ಉಳಿಯಬಹುದು. ಭಯಪಡಬೇಕಾದದ್ದು ಎರಡಕ್ಕೆ: ತಯಾರಕನ ವಿಳಾಸವೇ ಇಲ್ಲದ ಸರಕಿಗೆ, ಹಾಗೂ ಹೆಸರಾಂತ ಪೆಟ್ಟಿಗೆಯನ್ನು ಅನುಕರಿಸಿದ ನಕಲಿಗೆ.

ಕೈಯಿಂದ ಮಾಡಬಹುದಾದ ಪರೀಕ್ಷೆ

ಪೆಟ್ಟಿಗೆಯ ಮೇಲೆ ತಯಾರಕನ ಹೆಸರು, ವಿಳಾಸ, ತಿಂಗಳು, ವರ್ಷ, ಗರಿಷ್ಠ ಮಾರಾಟ ಬೆಲೆ ಇವು ಸ್ಪಷ್ಟವಾಗಿ ಅಚ್ಚಾಗಿರಬೇಕು. ಹಳೆಯ ಭಾಗವನ್ನು ಅಂಗಡಿಗೆ ಒಯ್ದು ಹೊಸದರ ಪಕ್ಕದಲ್ಲಿಟ್ಟು ನೋಡುವುದು ಉತ್ತಮ. ಉದ್ದ, ದಪ್ಪ, ತೂಕಗಳಲ್ಲಿ ಹೊಸದು ತೀರ ಹಗುರವೆನಿಸಿದರೆ ಕಾರಣವನ್ನು ಕೇಳಬೇಕು.

ಶಾಕ್ ಅಬ್ಸಾರ್ಬರನ್ನು ನೆಟ್ಟಗೆ ನಿಲ್ಲಿಸಿ ಅದರ ದಂಡವನ್ನು ನಾಲ್ಕೈದು ಸಲ ಪೂರ್ತಿಯಾಗಿ ಒತ್ತಿ ಎಳೆಯಬೇಕು. ಆಮೇಲೆ ತಡೆ ಆದ್ಯಂತವೂ ಒಂದೇ ಸಮವಾಗಿರಬೇಕು. ನಡುವೆ ಎಲ್ಲಿಯಾದರೂ ಬರಿದಾದಂತೆ ಜಾರಿದರೆ, ಸಿಕ್ಕಿದರೆ ಅದನ್ನು ಬಿಟ್ಟುಬಿಡಬೇಕು. ದಂಡದ ಕ್ರೋಮಿನ ಮೇಲೆ ಉಗುರನ್ನಾಡಿಸಿದಾಗ ಗೀರಾಗಲಿ ಕುಳಿಯಾಗಲಿ ತಾಗಕೂಡದು, ಏಕೆಂದರೆ ಎಣ್ಣೆಯ ಮುದ್ರೆಯನ್ನು ಕೊಯ್ಯುವುದು ಆ ಗೀರೇ. ಬಾಲ್ ಜಾಯಿಂಟಿನ ಮೊಳೆಯನ್ನು ತಿರುಗಿಸಿದಾಗ ಅದು ಬಿಗಿಯಾಗಿ, ಆದರೆ ನಯವಾಗಿ ತಿರುಗಬೇಕು. ಬುಷ್‌ನಲ್ಲಿ ರಬ್ಬರೂ ಲೋಹವೂ ಎಡೆಯಿಲ್ಲದೆ ಬೆಸೆದುಕೊಂಡಿರಬೇಕು.

ಕಾರಿನ ಮೂಲೆಯನ್ನು ಕೈಯಿಂದ ಅದುಮಿ ಬಿಡುವ ಹಳೆಯ ಪರೀಕ್ಷೆಯನ್ನು ಎಲ್ಲರೂ ಬಲ್ಲರು. ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಸತ್ತಿದೆ ಎಂಬುದು ನಿಜ. ಆದರೆ ಅರ್ಧ ಸವೆದದ್ದೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಿಬಿಡಬಹುದು. ಕೈಯ ಒತ್ತು ಹೆದ್ದಾರಿಯ ವೇಗಕ್ಕೆ ಸಮನಲ್ಲ.

ಸ್ಪೋರ್ಟ್ಸ್ ಕಾರಿನ ಮೋಹ

ತರುಣರ ಮೋಹ ಬೇರೊಂದು. 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5ರಂಥ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಹೊರದೇಶಗಳಲ್ಲಿ ‘ಕಾಯಿಲೋವರ್’ ಎಂಬ ಜೋಡಿಗಳನ್ನು ಹಾಕಿಸುವುದುಂಟು. ಇದರಲ್ಲಿ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತ ಕೂರುತ್ತದೆ. ಮರೆಯ ಬಳೆಯನ್ನು ತಿರುಗಿಸಿ ಕಾರನ್ನು ತಗ್ಗಿಸಬಹುದು. ಅದೇ ಆಸೆಯಿಂದ ಇಲ್ಲಿಯ ಸಣ್ಣ ಕಾರುಗಳಿಗೂ ಅಂಥ ಅಗ್ಗದ ಜೋಡಿಗಳನ್ನು ಹುಡುಕುವವರಿದ್ದಾರೆ.

ಅಗ್ಗದ ಜೋಡಿಯ ಮುಖ್ಯ ದೋಷವೆಂದರೆ ಸ್ಪ್ರಿಂಗು ಬಿರುಸಾಗಿದ್ದು ಕಡಿವಾಣ ಅದಕ್ಕೆ ಸರಿಹೊಂದದೆ ಇರುವುದು. ಗುಂಡಿಯನ್ನು ಟಿಕ್ ಟಿಕ್ ಎಂದು ತಿರುಗಿಸಬಹುದು. ಒಳಗೆ ಏನೂ ಬದಲಾಗದೆ ಇರಬಹುದು. ಒಳ್ಳೆಯ ತಯಾರಕರು ಯಾವ ವೇಗಕ್ಕೆ ಎಷ್ಟು ತಡೆ ಎಂಬುದನ್ನು ಯಂತ್ರದಲ್ಲಿ ಅಳೆದ ನಕ್ಷೆಯನ್ನು ಕೊಡಬಲ್ಲರು. ಆ ನಕ್ಷೆಯನ್ನು ಕೇಳುವುದೇ ಒಂದು ಪರೀಕ್ಷೆ. ಇದಲ್ಲದೆ ಕಾರನ್ನು ತಗ್ಗಿಸಿದಷ್ಟೂ ಚಕ್ರ ಮೇಲೇಳುವ ಅವಕಾಶ ಕುಗ್ಗುತ್ತದೆ. ಮೂಡಲಗಿಯ ದಾರಿಯ ಒಂದೇ ಉಬ್ಬಿಗೆ ಅದು ಕೊನೆಯ ರಬ್ಬರಿಗೆ ಗುದ್ದುತ್ತದೆ. ಧೂಳೂ ಕೆಸರೂ ಸೇರಿ ತುಕ್ಕು ಹಿಡಿದ ಬಳೆ ಮುಂದೆ ತಿರುಗುವುದೇ ಇಲ್ಲ.

ಕಾನೂನೂ ಇಲ್ಲಿ ಅಡ್ಡ ಬರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಜೋಡಣೆ ಮತ್ತು ರಸೀದಿ

ಉತ್ತಮ ಭಾಗವೂ ತಪ್ಪು ಜೋಡಣೆಯಿಂದ ಹಾಳಾಗುತ್ತದೆ. ಕಾರನ್ನು ಜಾಕಿನ ಮೇಲೆ ಎತ್ತಿ ಚಕ್ರಗಳು ಜೋತುಬಿದ್ದಿರುವಾಗಲೇ ರಬ್ಬರು ಬುಷ್‌ನ ಬೋಲ್ಟನ್ನು ಕೊನೆಯ ಬಿಗಿಗೆ ತಂದರೆ, ಕೆಳಗಿಳಿಸಿದ ಮೇಲೆ ಆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಆ ಬಿಗಿಯನ್ನು ಕೊಡಬೇಕು. ಶಾಕ್ ಅಬ್ಸಾರ್ಬರುಗಳನ್ನು ಎಡಬಲ ಎರಡನ್ನೂ ಜೋಡಿಯಾಗಿ ಬದಲಿಸಬೇಕು. ಕೆಲಸ ಮುಗಿದ ಮೇಲೆ ಚಕ್ರಗಳ ಜೋಡಣೆಯ ಕೋನವನ್ನು ಅಳೆಯಿಸಬೇಕು.

ಪಕ್ಕಾ ರಸೀದಿಯನ್ನು ಬಿಡಬಾರದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನಕಲಿ ಸರಕನ್ನು ಅಸಲಿಯೆಂದು ಮಾರುವುದನ್ನು ಗುರುತಿಸಿ ಪರಿಹಾರಕ್ಕೆ ದಾರಿ ಮಾಡಿದೆ. ಆದರೆ ರಸೀದಿಯಿಲ್ಲದವನ ಮಾತಿಗೆ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಬಲ ಬರುವುದು ಕಷ್ಟ.

ತೆಗೆದ ಹಳೆಯ ಭಾಗವನ್ನು ಮೆಕ್ಯಾನಿಕನಿಂದ ಕೇಳಿ ಪಡೆಯುವುದೂ ಒಳ್ಳೆಯ ಅಭ್ಯಾಸ. ಅದು ಎಲ್ಲಿ ಸವೆದಿದೆ ಎಂಬುದನ್ನು ನೋಡಿದವನು ಮುಂದಿನ ಸಲ ಮೋಸಹೋಗುವುದಿಲ್ಲ. ಹಳ್ಳಿಯ ಕಮ್ಮಾರನಿಗೆ ಈ ಕಣ್ಣು ಹಿಂದಿನಿಂದಲೂ ಉಂಟು. ಲಾರಿಯ ಮುರಿದ ಪಟ್ಟೆ ಸ್ಪ್ರಿಂಗು ಕೈಗೆ ಬಂದರೆ ಆತ ಅದನ್ನು ಕುಡುಗೋಲಿಗೋ ಕೊಡಲಿಗೋ ಎತ್ತಿಡುತ್ತಾನೆ. ಕುಲುಮೆಗೆ ಹಾಕಿ, ಹದಕೊಟ್ಟು, ಬಡಿದು ನೋಡದೆ ಆತ ಯಾವ ಉಕ್ಕನ್ನೂ ಒಪ್ಪುವವನಲ್ಲ. ಮನೆಮಂದಿಯನ್ನೆಲ್ಲ ಹೊತ್ತು ಸಾಗುವ ಉಕ್ಕಿನ ವಿಷಯದಲ್ಲಿ ಯಜಮಾನನಿಗೆ ಅಷ್ಟಾದರೂ ಎಚ್ಚರ ಬೇಡವೇ?